ಎಲ್ಲರಿಗೂ ಥ್ಯಾಂಕ್ಸ್, ನಮ್ಮಕ್ಕನಿಗೆ ಜಾಸ್ತಿ

ನಾನು ಆಸ್ಪತ್ರೆ ಸೇರಿ ಈ ಸಂಕ್ರಾಂತಿಗೆ ವರ್ಷ ತುಂಬಿತು. ವರ್ಷ ಕಳೆಯಲಿ, ಆಮೇಲೆ ಬರೆಯುತ್ತೇನೆ ಅಂತ ಆಗಲೇ ಅಂದುಕೊಂಡಿದ್ದೆ. ಏನಾಗಿತ್ತು ಅನ್ನುವುದು ಇದನ್ನು ಓದುವ ಬಹಳಷ್ಟು ಮಂದಿಗೆ ಗೊತ್ತೇ ಇದೆ. ಪಿತ್ತಕೋಶದ ಕಲ್ಲು, ಕಾಮಣಿ, ಎಂಡೋಸ್ಕೋಪಿ, ಆಮೇಲೆ ಆಪರೇಷನ್. ಅದನ್ನೆಲ್ಲ ಮತ್ತೆ ಬಿಡಿಸಿ ಹೇಳುವುದಿಲ್ಲ.

ಮೊದಲು ಎಲ್ಲರಿಗೂ ಕೈ ಮುಗಿಯುತ್ತೇನೆ. ನನ್ನ ನಾಲ್ಕನೇ ತರಗತಿ ಮಕ್ಕಳನ್ನು ತಮ್ಮ ಕ್ಲಾಸಿನಲ್ಲೇ ಕೂರಿಸಿಕೊಂಡು ಪಾಠ ಮಾಡಿದ ಮೇಡಂಗಳು, ರಜೆಯ ಕಾಗದಪತ್ರಕ್ಕೆ ತಾವೇ ಓಡಾಡಿದ ಹೆಡ್‌ಮಾಸ್ತರ್, ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಸಂದಿಗೊಂದಿ ಹಾಯ್ದು ಆಸ್ಪತ್ರೆ ಮುಟ್ಟಿಸಿದ ಆಟೋ ಅಣ್ಣ, ಪುಣೆಯಿಂದ ರಾತ್ರೋರಾತ್ರಿ ಬಸ್ ಹಿಡಿದ ನಮ್ಮ ಯಜಮಾನರು, ಡಾಕ್ಟರ್, ವಾರ್ಡಿನ ಸಿಸ್ಟರ್‌ಗಳು, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಅಮೀನಗಡದಿಂದ ಕರದಂಟು ತಂದ ಗೆಳತಿಗೂ ಥ್ಯಾಂಕ್ಸ್. ಚೂರು ಚೂರೇ ಮುರಿದು ವಾರಗಟ್ಟಲೆ ತಿಂದೆ.

ಇನ್ನು ಉಳಿದದ್ದೆಲ್ಲ ನಮ್ಮಕ್ಕನ ಬಗ್ಗೆ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ನೆಗೆಣ್ಣಿ. ಭಾವನವರ ಹೆಂಡತಿ. ಮನೆ ಪಾಲಾದ ಮೇಲೆ ನಡುವೆ ಗೋಡೆ ಬಂತು, ಒಲೆ ಎರಡಾದವು. ಮಾತುಕತೆ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಅನ್ನುವ ಹಾಗಾಯಿತು. ಜಗಳ ಅಂತೇನೂ ಇರಲಿಲ್ಲ. ಸುಮ್ನೆ ದೂರ ಆಗಿದ್ದೆವು, ಅಷ್ಟೇ.

ಭೋಗಿ ದಿನ ನನಗೆ ಹೊಟ್ಟೆನೋವು ತಡೆಯದಾದಾಗ ಮಗಳು ಗೋಡೆಯ ಈಚೆಯಿಂದ ದೊಡ್ಡಮ್ಮನನ್ನು ಕೂಗಿದಳು. ಅಕ್ಕ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳಂತೆ, ಹಿಟ್ಟಿನ ಕೈಯಲ್ಲೇ ಬಂದಳು. ನನ್ನನ್ನು ಬಾಗಿಲಿಗೆ ಕರೆತಂದು, ಮುಖವನ್ನು ಬೆಳಕಿಗೆ ತಿರುಗಿಸಿ, ಮೊಣಕೈಯಿಂದ ಗದ್ದ ಎತ್ತಿ ಕಣ್ಣು ನೋಡಿದಳು. "ಟ್ಯೂಬ್‌ಲೈಟಿನ್ಯಾಗ ಹಳದಿ ಗೊತ್ತಾಗೂದಿಲ್ಲ" ಅಂದಳು. ಮೂತ್ರದ ಬಣ್ಣ ಕೇಳಿದಳು. ಕರಿ ಚಹಾದ ಹಂಗ ಬರಾಕತ್ತೈತಿ ಅಂದೆ. ಅಷ್ಟು ಕೇಳಿದ್ದೇ ಕೈ ತೊಳೆದುಕೊಂಡು ಆಟೋ ಕರೆಸಿದಳು.

ಅಷ್ಟೊತ್ತಿಗೆ ಓಣಿಯ ಹಿರಿಯರೊಬ್ಬರು ಬಂದರು. ಅವರ ಊರ ಹತ್ತಿರ ಕಾಮಣಿಗೆ ಸೊಪ್ಪಿನ ಔಷಧಿ ಕೊಡುವವರಿದ್ದಾರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಇಳಿಯುತ್ತದೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅಕ್ಕ ಅವರಿಗೆ ಎದುರಾಡಲಿಲ್ಲ. "ಕಾಕಾ, ಇಕಿಗೆ ಥಂಡಿ ಜ್ವರ ಬಂದೈತಿ, ಬಲಗಡೆ ಹೊಟ್ಟಿ ಮುಟ್ಟಗೊಡವಲ್ಲಳು. ಮದ್ಲ ಡಾಕ್ಟರ್ ನೋಡ್ಲಿ" ಅಂದು ನನ್ನನ್ನು ಆಟೋದಲ್ಲಿ ಕೂರಿಸಿದಳು. ಅವಳ ಆ ಒಂದು ಮಾತು ನನ್ನ ಜೀವ ಉಳಿಸಿತು. ಇದನ್ನು ಡಾಕ್ಟರೇ ನನಗೆ ಹೇಳಿದರು. ನೋವು, ನಡುಕದ ಜ್ವರ, ಹಳದಿ ಮೂರೂ ಒಟ್ಟಿಗೆ ಬಂದರೆ ಲಿವರ್‌ನಿಂದ ಕರುಳಿಗೆ ಪಿತ್ತರಸ ಒಯ್ಯುವ ಪಿತ್ತನಾಳ ಕಟ್ಟಿಕೊಂಡು ಅಲ್ಲಿ ಸೋಂಕಾಗಿದೆ ಅಂತ ಅರ್ಥವಂತೆ. ಅದಕ್ಕೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಕಾಮಣಿಯಲ್ಲೂ ಬೇರೆ ಬೇರೆ ತರಹ ಇದೆ ಅಂತ ನನಗೆ ಗೊತ್ತಾಗಿದ್ದು ಆಗಲೇ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಬಹಳ ಮಂದಿಗೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಆಗ ಸೊಪ್ಪು ಕುಡಿದಿದ್ದರೆ ಸೊಪ್ಪಿಗೆ ಹೆಸರು ಬರುತ್ತದೆ. ಕಲ್ಲು ಹೋಗಿ ನಾಳದಲ್ಲಿ ಸಿಕ್ಕಿಕೊಂಡು ಬಂದ ಕಾಮಣಿಗೆ ಆ ಕಲ್ಲನ್ನೇ ತೆಗೆಯಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಹಳದಿ.

ಆ ರಾತ್ರಿಯ ಬಗ್ಗೆ ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಬರೆಯುತ್ತೇನೆ.

ಬೆಳಿಗ್ಗೆ ಎಂಡೋಸ್ಕೋಪಿ ಮಾಡುವವರೆಗೆ ಬಾಯಿಗೆ ಹನಿ ನೀರೂ ಹಾಕುವ ಹಾಗಿರಲಿಲ್ಲ. ಅಕ್ಕ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು. ನಡುಕ ಬಂದರೆ ಮಂಚವೇ ಅಲುಗಾಡುತ್ತಿತ್ತು. ಮನೆಯಿಂದ ತಂದ ಕೌದಿ ಹೊದಿಸಿ, ಸಲೈನ್ ಹಾಕಿದ ನನ್ನ ಕೈ ಮಡಚದ ಹಾಗೆ ತನ್ನ ಅಂಗೈ ಮೇಲೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ರಾತ್ರಿಯೆಲ್ಲ ಅದೇ ಸ್ಟೂಲು. ಒರಗಿಕೊಳ್ಳಲು ಗೋಡೆಯೂ ಹತ್ತಿರ ಇರಲಿಲ್ಲ. "ಏನೂ ಆಗೂದಿಲ್ಲ" ಅಂತ ಒಂದು ಸಲವೂ ಹೇಳಲಿಲ್ಲ. ಬೇರೆ ಏನೇನೋ ಹೇಳುತ್ತಿದ್ದಳು. ಅರ್ಧಕ್ಕೆ ಬಿಟ್ಟು ಬಂದ ಹಿಟ್ಟು, ತಾಳಿಕೋಟೆ ಕಡೆಯ ತವರಿನಲ್ಲಿ ಈ ಸಲ ಜೋಳ ಹೇಗೆ ನಿಂತಿದೆ, ಅವರ ಅಪ್ಪನಿಗೆ ಕಾಮಣಿ ಆದಾಗ ಯಾರೂ ಆಸ್ಪತ್ರೆಗೆ ಒಯ್ಯದೇ ಹೋಗಿದ್ದು. ಆ ಕೊನೆಯ ಮಾತನ್ನು ನಾನು ಆವತ್ತೇ ಮೊದಲ ಸಲ ಕೇಳಿದ್ದು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವರು ನಾವು.

ಯಾವಾಗಲೋ ನಡುರಾತ್ರಿ ನಾನು ಸೋತೆ. ಮಗಳನ್ನ ನೋಡ್ಕೊ ಅಕ್ಕಾ ಅಂದೆ. ಇನ್ನೇನೂ ಉಳಿದಿಲ್ಲ ಅಂತಲೇ ಅನಿಸಿತ್ತು ನನಗೆ, ಭಯ ಕೂಡ ಹೋಗಿತ್ತು. ಅಕ್ಕ ನನ್ನ ಕೈ ಬಿಡಲಿಲ್ಲ. "ಅಕಿ ಜಡಿ ಹಾಕೂದು ನನಗ ಬರೂದಿಲ್ಲ. ನೀನ ಬಂದು ಹಾಕು" ಅಂದಳು. ದನಿ ನಡುಗುತ್ತಿತ್ತು. ಆಮೇಲೆ ಎದ್ದು ಹೋಗಿ ಸಿಸ್ಟರನ್ನು ಕರೆತಂದು ಜ್ವರ ನೋಡಿಸಿದಳು.

ಬೆಳಿಗ್ಗೆ ಕಲ್ಲು ಹೊರಗೆ ಬಂತು, ಜ್ವರ ಇಳಿಯಿತು. ಸಂಕ್ರಾಂತಿ ದಿನ ಅಕ್ಕ ಹಬ್ಬ ಮಾಡಲಿಲ್ಲ. ಸ್ನಾನಕ್ಕೆ ಅಂತ ಮನೆಗೆ ಹೋಗಿ ಬರುವಾಗ ಸೆರಗಿನ ತುದಿಯಲ್ಲಿ ಒಂದಿಷ್ಟು ಕುಸುರೆಳ್ಳು ಕಟ್ಟಿಕೊಂಡು ಬಂದು ವಾರ್ಡಿನವರಿಗೆಲ್ಲ ಕೊಟ್ಟಳು.

ಪಿತ್ತಕೋಶ ತೆಗೆಯುವ ಆಪರೇಷನ್ ಕೆಲವು ವಾರ ಬಿಟ್ಟು ಅಂತ ಆಗಿತ್ತು. ನಡುವಿನ ದಿನಗಳಲ್ಲಿ ಮನೆಗೆ ಬಂದವರೆಲ್ಲ ಪ್ರೀತಿಯಿಂದ ಒಂದೊಂದು ಮದ್ದು ಹೇಳಿದರು. ಒಬ್ಬರಂತೂ ಆಲಿವ್ ಎಣ್ಣೆ, ಒಂದು ಚೀಲ ನಿಂಬೆಹಣ್ಣು ಎರಡನ್ನೂ ತಂದೇ ಬಿಟ್ಟರು. ರಾತ್ರಿ ಎಣ್ಣೆ, ನಿಂಬೆರಸ ಕುಡಿದರೆ ಬೆಳಿಗ್ಗೆ ಕಲ್ಲು ಹಸಿರು ಹಸಿರಾಗಿ ಬೀಳುತ್ತವೆ, ಆಪರೇಷನ್ನೇ ಬೇಡ ಅಂತ. ಅಕ್ಕ ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡು ನೇರ ಡಾಕ್ಟರ ಟೇಬಲ್ ಮೇಲೆ ಇಟ್ಟು, "ಸರ್, ಇದನ್ನ ಕುಡಿಸಬಹುದ್ರಿ?" ಅಂತ ಕೇಳಿದಳು. ಇದು ನನಗೆ ಬಹಳ ಹಿಡಿಸಿದ ಗುಣ. ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ, ಕೇಳಿದಳು.

ಡಾಕ್ಟರ್ ಸಿಟ್ಟಾಗದೆ ಕೂರಿಸಿ ಹೇಳಿದರು. ಹೊಟ್ಟೆಗೆ ಎಣ್ಣೆ ಬಿದ್ದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಅಷ್ಟು ಎಣ್ಣೆ ಒಮ್ಮೆಲೇ ಬಿದ್ದರೆ ಇನ್ನೊಂದು ಕಲ್ಲು ಮತ್ತೆ ನಾಳಕ್ಕೆ ಜಾರಬಹುದು. ಬೆಳಿಗ್ಗೆ ಬೀಳುವ ಹಸಿರು ಉಂಡೆಗಳು ಕಲ್ಲೇ ಅಲ್ಲ, ಎಣ್ಣೆ, ನಿಂಬೆರಸ ಹೊಟ್ಟೆಯೊಳಗಿನ ರಸಗಳ ಜೊತೆ ಸೇರಿ ಸಾಬೂನಿನ ಹಾಗೆ ಗಟ್ಟಿಯಾದದ್ದು. ಅಮೃತಬಳ್ಳಿ ಕಷಾಯದ ಬಗ್ಗೆಯೂ ಅಕ್ಕ ಕೇಳಿದಳು. ಕೊರೊನಾ ಹೊತ್ತಿನಲ್ಲಿ ಅದನ್ನು ದಿನವೂ ಕುಡಿದ ಕೆಲವರ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲಿ ಬರೆದಿದ್ದಾರೆ, ಈಗ ಬೇಡ ಅಂದರು. ಅಡುಗೆಗೆ ಹಾಕುವ ಅರಿಶಿನಕ್ಕೆ ಅಡ್ಡಿ ಇಲ್ಲ, ಅರಿಶಿನದ ಮಾತ್ರೆ ತಂದು ನುಂಗಬೇಡಿ ಅಂದರು. ಆ ನಿಂಬೆಹಣ್ಣಿನಿಂದ ಅಕ್ಕ ಉಪ್ಪಿನಕಾಯಿ ಹಾಕಿ, ತಂದವರ ಮನೆಗೇ ಒಂದು ಭರಣಿ ಕಳಿಸಿದಳು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು ಅಂತ ಅಕ್ಕ ಪಟ್ಟು ಹಿಡಿದಳು. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಕೂಡ ಬಂದಿತ್ತಲ್ಲ. ಅದಕ್ಕೆ ಡಾಕ್ಟರ್ ಮದ್ದಿನ ಚೀಟಿ ಬರೆಯಲಿಲ್ಲ. ತೂಕ ನಿಧಾನಕ್ಕೆ ಇಳಿಸಿ, 100 ಕೆ.ಜಿ. ಇದ್ದವರು 7ರಿಂದ 10 ಕೆ.ಜಿ. ಇಳಿಸಿದರೂ ಲಿವರ್‌ನ ಕೊಬ್ಬು, ಊತ ಎರಡೂ ತಗ್ಗುತ್ತವೆ, ನಿಮ್ಮ ತೂಕಕ್ಕೆ ಅದೇ ಲೆಕ್ಕ ಹಾಕಿಕೊಳ್ಳಿ ಅಂದರು. ಗಡಿಬಿಡಿಯಲ್ಲಿ ಇಳಿಸಿದರೆ ಪಿತ್ತಕೋಶ ಇರುವವರಿಗೆ ಕಲ್ಲೇ ಹುಟ್ಟಬಹುದಂತೆ.

ಅಂದಿನಿಂದ ಮಧ್ಯಾಹ್ನದ ಬುತ್ತಿ ಗೋಡೆಯ ಮೇಲಿಂದ ಬರತೊಡಗಿತು. ಡೋಣಿ ದಂಡೆಯ ಬಿಳಿಜೋಳದ ರೊಟ್ಟಿ, ಹೆಸರುಕಾಳು ಇಲ್ಲವೇ ಮಡಕಿ ಕಾಳಿನ ಪಲ್ಯ, ಮೆಂತೆ ಸೊಪ್ಪು, ಮೂಲಂಗಿ, ಹಸಿ ಉಳ್ಳಾಗಡ್ಡಿ ಹೆಚ್ಚಿದ ಪಚಡಿ, ತೆಳು ಮಜ್ಜಿಗೆ. ರೊಟ್ಟಿಗೆ ಎಣ್ಣೆಯೇ ಬೇಕಿಲ್ಲ, ನೋಡಿ. ಬಿಸಿನೀರಲ್ಲಿ ನಾದಿ ಬಡಿದು, ಹಂಚಿನ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದರೆ ಉಬ್ಬುತ್ತದೆ. ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ. ಆಪರೇಷನ್ ಆದ ಮೇಲೂ ಲಿವರ್ ದಿನಕ್ಕೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್‌ವರೆಗೆ ಪಿತ್ತರಸ ಮಾಡುತ್ತಲೇ ಇರುತ್ತದೆ. ಅದನ್ನು ಕೂಡಿಟ್ಟುಕೊಳ್ಳುವ ಪುಟ್ಟ ಚೀಲ ಇಲ್ಲ, ಅಷ್ಟೇ. ಹಾಗಾಗಿ ಒಮ್ಮೆಲೇ ಜಿಡ್ಡು ತಿಂದರೆ ಹೊಟ್ಟೆ ಕೆಡುತ್ತದೆ, ಸ್ವಲ್ಪ ಸ್ವಲ್ಪ ತಿಂದರೆ ಏನೂ ತೊಂದರೆ ಇಲ್ಲ. ಅಕ್ಕ ಇದನ್ನು ನನಗಿಂತ ಚೆನ್ನಾಗಿ ಬಲ್ಲಳು. ಚಹಾದ ಸಕ್ಕರೆಯನ್ನು ಎರಡೂ ಮನೆಯಲ್ಲಿ ಅವಳೇ ಕಡಿಮೆ ಮಾಡಿದಳು. ಹೆಚ್ಚಾದ ಸಕ್ಕರೆ ಲಿವರ್‌ನಲ್ಲಿ ಕೊಬ್ಬಾಗಿ ಕೂರುತ್ತದೆ ಅಂತ ಭಾವನವರಿಗೂ ಪಾಠ ಆಯಿತು.

ಅದಕ್ಕಿಂತ ದೊಡ್ಡದು ಅವಳ ಸೋಮವಾರದ ಉಪವಾಸ. ಮದುವೆಯಾಗಿ ಬಂದಾಗಿನಿಂದ ನಿರಾಹಾರ ಇದ್ದು, ರಾತ್ರಿ ಜಿಡ್ಡು ಜಿಡ್ಡಾದ ಸಾಬೂದಾನಿ ಖಿಚಡಿ ತಿನ್ನುತ್ತಿದ್ದಳು. ಬಹಳ ಹೊತ್ತು ಹೊಟ್ಟೆ ಖಾಲಿ ಇದ್ದರೆ ಪಿತ್ತಕೋಶ ಹಿಂಡಿಕೊಳ್ಳುವುದಿಲ್ಲ, ಪಿತ್ತರಸ ನಿಂತು ದಪ್ಪ ಆಗುತ್ತದೆ ಅಂತ ತಿಳಿದ ಮೇಲೆ, ಹೊತ್ತು ಹೊತ್ತಿಗೆ ಹಣ್ಣು, ಹಾಲು, ನೆನೆಸಿದ ಶೇಂಗಾ ಶುರು ಮಾಡಿದಳು. ಓಣಿಯ ಯಾರೋ ಆಡಿಕೊಂಡರು. "ಹೊಟ್ಟಿ ಕೆಡವು ಅಂತ ಸಿದ್ಧೇಶ್ವರ ಎಲ್ಲಿ ಹೇಳ್ಯಾನ?" ಅಂದಳು.

ಸಂಜೆ ಇಬ್ಬರೂ ಇಬ್ರಾಹಿಂ ರೋಜಾ ಕಡೆ ನಡೆಯಲು ಹೋಗುತ್ತೇವೆ. ಆಗ ಆಡುವ ಮಾತು ಇಲ್ಲಿ ಬರೆಯುವಂಥದ್ದಲ್ಲ. ಮೊನ್ನೆಯ ಸ್ಕ್ಯಾನಿಂಗ್‌ನಲ್ಲಿ ನನ್ನ ಲಿವರ್‌ನ ಕೊಬ್ಬು ಇಳಿದಿದೆ. ರಿಪೋರ್ಟ್ ಅಕ್ಕನ ಕೈಗೇ ಕೊಟ್ಟೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದಳು.

ಅಕ್ಕಾ, ನೀನು ಫೇಸ್‌ಬುಕ್ ನೋಡುವುದಿಲ್ಲ. ಮಗಳು ಓದಿ ಹೇಳುತ್ತಾಳೆ. ಆ ರಾತ್ರಿಗೆ ಏನು ಕೊಟ್ಟರೂ ಸಾಲದು ಅಂತ ನನಗೆ ಗೊತ್ತು. ಆದರೆ ಒಂದು ಮಾತು ನಡೆಸಿಕೊಡಬೇಕು. ಮಿರ್ಚಿ ಭಜಿ ತಿಂದಾಗೆಲ್ಲ ಬಲಗಡೆ ಹಿಡಿಯುತ್ತದೆ, ಭುಜಕ್ಕೆ ಎಳೆಯುತ್ತದೆ, ಗ್ಯಾಸು ಅಂತ ಹೇಳುತ್ತ ಬಂದಿದ್ದೀಯಲ್ಲ, ಬುಧವಾರ ಬೆಳಿಗ್ಗೆ ನಿನ್ನ ಹೆಸರಿಗೆ ಸ್ಕ್ಯಾನಿಂಗ್ ಹಚ್ಚಿಸಿದ್ದೇನೆ. ಮಂಗಳವಾರ ರಾತ್ರಿ ಬೇಗ ಊಟ ಮುಗಿಸು. ಬೆಳಿಗ್ಗೆ ಚಹಾನೂ ಬೇಡ. ಏನಾದರೂ ಹೊಟ್ಟೆಗೆ ಬಿದ್ದರೆ ಪಿತ್ತಕೋಶ ಹಿಂಡಿಕೊಂಡು ಸಣ್ಣದಾಗುತ್ತದೆ, ಕಲ್ಲಿದ್ದರೂ ಸರಿಯಾಗಿ ಕಾಣುವುದಿಲ್ಲ. ನಾನು ಜೊತೆಗೆ ಬರುತ್ತೇನೆ. ಹೆಡ್‌ಮಾಸ್ತರಿಗೆ ರಜೆ ಚೀಟಿ ಕೊಟ್ಟಾಗಿದೆ.