ಒಬ್ಬಳಿಗೋಸ್ಕರ ಯಾಕೆ ಅಂದೆಯಲ್ಲ

ದಾವಣಗೆರೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಜರ್ಮನಿಯಿಂದ ನೀನು ಕಳಿಸಿದ ಮೇಲ್ ಅನ್ನು ನಿಮ್ಮಪ್ಪ ಪ್ರಿಂಟ್ ತೆಗೆಸಿ ತಂದುಕೊಟ್ಟ. ಪರೀಕ್ಷೆ, ಬಾಡಿಗೆ ಎಲ್ಲ ಅವನೇ ನೋಡಿಕೊಳ್ಳುತ್ತಾನೆ, ನಾನು ಅದಕ್ಕೆ ಬಾಯಿ ಹಾಕುವುದಿಲ್ಲ. ಕ್ರಿಸ್‌ಮಸ್‌ಗೆ ಹಾಸ್ಟೆಲಿನವರೆಲ್ಲ ಊರಿಗೆ ಹೋಗುತ್ತಾರೆ, 'ಒಬ್ಬಳಿಗೋಸ್ಕರ ಯಾಕೆ ಅಡುಗೆ, ಬಿಸ್ಕತ್ತು ತಿಂದು ಮಲಗಿದರಾಯ್ತು' ಅಂತ ಕೊನೆಗೆ ಬರೆದಿದ್ದೀಯಲ್ಲ, ಅಪ್ಪ ಅದನ್ನು ಓದಿ ನಕ್ಕ. ನನಗೆ ನಗು ಬರಲಿಲ್ಲ. ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ.

ನಿಮ್ಮಜ್ಜಿಯನ್ನು ನೀನು ಕಂಡಿದ್ದು ವಯಸ್ಸಾದ ಮೇಲೆ. ಅಜ್ಜ ಕಾಟನ್ ಮಿಲ್ಲಿಗೆ ಹೋಗುತ್ತಿದ್ದಾಗ ಪಾಳಿ ಯಾವುದಿದ್ದರೂ ಅವರು ಬರುವ ಹೊತ್ತಿಗೆ ಬಿಸಿ ರೊಟ್ಟಿ ಆಗಬೇಕಿತ್ತು. ಅವರಿಗೆ, ನಮಗೆ, ಬಂದ ನೆಂಟರಿಗೆ. ಅವ್ವ ಉಣ್ಣುತ್ತಿದ್ದದ್ದು ಎಲ್ಲರದ್ದೂ ಆದ ಮೇಲೆ, ಒಲೆ ಮುಂದೆ ಕೂತು. ಅಂಚು ಹರಿದ ರೊಟ್ಟಿ, ಬೋಗುಣಿ ತಳದ ಪಲ್ಯ. ಮನೆಯಲ್ಲಿ ಯಾರೂ ಇಲ್ಲದ ದಿನ ಅವಳು ಒಲೆ ಹಚ್ಚಿದ್ದನ್ನು ನಾನು ನೋಡಿಲ್ಲ. ಮಂಡಕ್ಕಿ ಹುರಿಯುವ ಭಟ್ಟಿಗಳ ಊರು ನಮ್ಮದು, ಅದಕ್ಕೇನು ಬರವೇ? ಒಂದಿಷ್ಟು ಮಂಡಕ್ಕಿಗೆ ಎಣ್ಣೆ, ಖಾರಪುಡಿ ಕಲಸಿ ತಿಂದು ನೀರು ಕುಡಿಯುತ್ತಿದ್ದಳು. ಅವಳಿಗೆ ಏನು ತಿನ್ನೋಕೆ ಇಷ್ಟವಿತ್ತು ಪುಟ್ಟಿ? ನನಗೆ ಗೊತ್ತಿಲ್ಲ. ಮೊನ್ನೆ ನಿಮ್ಮಪ್ಪನನ್ನು ಕೇಳಿದೆ. ಅವನು ತುಂಬಾ ಹೊತ್ತು ಯೋಚಿಸಿ, 'ರೊಟ್ಟಿ ಇರಬೇಕು' ಅಂದ. ರೊಟ್ಟಿ ಇಷ್ಟಪಡುತ್ತಿದ್ದವನು ಅವನು!

ನಿನ್ನ ಬಿಸ್ಕತ್ತು ಓದಿದ ಕೂಡಲೇ ನನಗೆ ಆ ಮಂಡಕ್ಕಿಯೇ ಕಣ್ಣಿಗೆ ಬಂತು.

ನಿಮ್ಮ ಮಾವ ಹೋದ ಮೇಲೆ ನಾನು ಹೇಗಿದ್ದೆ ಅಂತ ನೀನು ನೋಡಿದ್ದೀಯ, ಅದು ಬೇಡ. ಆಮೇಲೆ ಒಂದು ಚಳಿಗಾಲದಲ್ಲಿ ಯಾಕೋ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನಬೇಕು ಅನ್ನಿಸಿತು. ಒಂದೇ ಒಂದು ರೊಟ್ಟಿಗೆ ಆಗುವಷ್ಟು ಹಿಟ್ಟು ತೆಗೆದುಕೊಂಡೆ. ಸಜ್ಜೆಗೆ ಗೋಧಿಯ ಜಿಗುಟು ಇಲ್ಲ, ಕುದಿಯುವ ನೀರಿನಲ್ಲೇ ಕಲಸಿ ಚೆನ್ನಾಗಿ ನಾದಬೇಕು. ಇಲ್ಲದಿದ್ದರೆ ಬಡಿಯುವಾಗ ಅಂಚೆಲ್ಲ ಬಿರಿಯುತ್ತದೆ. ಬಡಿದ ಮೇಲೆ ಎಳ್ಳು ಉದುರಿಸಿ ಒದ್ದೆ ಕೈಯಲ್ಲಿ ಮೆಲ್ಲಗೆ ಒತ್ತಿದೆ. ಎಳ್ಳಿನ ಮಗ್ಗುಲು ಹಂಚಿಗೆ ತಾಗಿದಾಗ ಚಟಪಟ ಸಿಡಿದು ಅಡುಗೆಮನೆಯೆಲ್ಲ ಘಮ್ ಅಂತು. ಒಂದು ರೊಟ್ಟಿಗೆ ಇಷ್ಟು ಗ್ಯಾಸ್ ದಂಡ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೂ ಬೆಣ್ಣೆ ಹಾಕಿಕೊಂಡು ಕೂತು ತಿಂದೆ. ಮದುವೆಯಾದಾಗಿನಿಂದ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ನಾನೇ ತಿಂದದ್ದು ಆವತ್ತು. ಆಗ ಅವ್ವ ಬದುಕಿರಲಿಲ್ಲ. ಇದ್ದಿದ್ದರೆ ಅವಳನ್ನು ಕೂರಿಸಿ ಅವಳಿಗೂ ಒಂದು ರೊಟ್ಟಿ ಬಡಿದು ಕೊಡುತ್ತಿದ್ದೆ.

ನಿಮ್ಮ ಕಡೆಯದು ನನಗೇನು ಗೊತ್ತು. ಪಕ್ಕದ ಮನೆ ಹುಡುಗ ಜರ್ಮನಿಯಲ್ಲಿದ್ದವನು ಹೇಳಿದ, 24ರ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚುತ್ತಾರಂತೆ, 25, 26 ತೆಗೆಯುವುದೇ ಇಲ್ಲವಂತೆ. ಹಾಲು, ಮೊಸರು, ತರಕಾರಿ ಮೊದಲೇ ತಂದಿಡು. ಇಲ್ಲದಿದ್ದರೆ ಏನೂ ಸಿಗಲಿಲ್ಲ ಅಂತ ಮತ್ತೆ ಬಿಸ್ಕತ್ತಿನ ಡಬ್ಬಿಯೇ ತೆಗೆಯುತ್ತೀಯ.

ಓವನ್ ಇದೆ ಅಂದೆ ಅಲ್ವಾ. ನಾವು ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್, ವಿಷಲ್ ತೆಗೆದು ಕೇಕ್ ಮಾಡುತ್ತಿದ್ದೆವು. ತಳ ಕಪ್ಪು, ನಡುವೆ ಹಸಿ. ನಿನಗೆ ಆ ಗೋಳಿಲ್ಲ. ಸಣ್ಣ ರವೆ ಒಂದು ಬಟ್ಟಲು, ಮೊಸರು ಒಂದು, ಬೆಲ್ಲದ ಪುಡಿ ಮುಕ್ಕಾಲು, ಎಣ್ಣೆ ಕಾಲು ಬಟ್ಟಲು ಕಲಸಿ ಅರ್ಧ ಗಂಟೆ ಬಿಡು. ಗಟ್ಟಿಯಾದರೆ ಸ್ವಲ್ಪ ಹಾಲು. ಕೊನೆಗೆ ಏಲಕ್ಕಿ, ಅರ್ಧ ಚಮಚ ಅಡುಗೆ ಸೋಡಾ. 180 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಟ್ಟು ಕಡ್ಡಿ ಚುಚ್ಚಿ ನೋಡು. ಉಳಿದದ್ದು ಫ್ರಿಜ್ಜಿನಲ್ಲಿಡು. ಹಾಸ್ಟೆಲಿನವರು ಬರಲಿ ಅಂತ ಕಾದು ಎತ್ತಿಡಬೇಡ, ಮೊದಲ ತುಂಡು ನೀನು ತಿನ್ನು. ಇದನ್ನು ಬೈದು ಹೇಳಿದ್ದು ಅಂತ ತಿಳಿಯಬೇಡ ಮತ್ತೆ.

ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಹರಿಹರಕ್ಕೆ ಹೊಳೆಗೆ ಹೋಗುತ್ತಿದ್ದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ. ಆ ದಂಡೆಯ ಮೇಲೂ ಅವ್ವ ಬಡಿಸುತ್ತಲೇ ಇದ್ದಳು. ನೋಡು, ಏನೋ ಬರೆಯಲು ಹೋಗಿ ಮತ್ತೆ ಅಲ್ಲಿಗೇ ಬಂದೆ.

ಶೇಂಗಾ ಪುಡಿ, ಗುರೆಳ್ಳು ಪುಡಿ ಮಾಡಿಟ್ಟಿದ್ದೇನೆ, ನಿನ್ನ ಗೆಳತಿ ವಾಪಸ್ ಹೊರಡುವಾಗ ಕೊಡುತ್ತೇನೆ. ಸಜ್ಜೆ ಹಿಟ್ಟು ಕಳಿಸಲ್ಲ, ಬೇಗ ಕಹಿಯಾಗುತ್ತದೆ. ಅಲ್ಲಿ ಇಂಡಿಯನ್ ಅಂಗಡಿ ಇದ್ದರೆ ಚಿಕ್ಕ ಪ್ಯಾಕೇ ತಗೋ. ರೊಟ್ಟಿ ಬಾರದಿದ್ದರೆ ಹೋಗಲಿ, ಒಂದು ಹಿಡಿ ಅನ್ನಕ್ಕೆ ಒಗ್ಗರಣೆ ಹಾಕಿಕೋ. ಅದೂ ಬಿಸಿ ಊಟವೇ.

25ರ ರಾತ್ರಿ ವಿಡಿಯೋ ಕಾಲ್ ಮಾಡು. ನೀವು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ನಿನ್ನ ಊಟದ ಹೊತ್ತಿಗೆ ಇಲ್ಲಿ ನಡುರಾತ್ರಿ. ಪರವಾಗಿಲ್ಲ, ಎದ್ದಿರುತ್ತೇನೆ. ಮುಖ ಆಮೇಲೆ ತೋರಿಸುವಿಯಂತೆ, ಮೊದಲು ತಟ್ಟೆ ತೋರಿಸು.

ಇತಿ,
ನಿನ್ನ ಅತ್ತೆ