ಒಗಟಿನ ಉತ್ತರದ ಜೊತೆ ಅದರ ಬಿಡಿಸುವ ದಾರಿಯೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ಪದಬಂಧದಲ್ಲಿ ಬರುವ ಪದಚಮತ್ಕಾರದ ಒಗಟುಗಳಿಗೆ ಮರುದಿನ ಬರೀ ಉತ್ತರ ಕೊಟ್ಟು ಸುಮ್ಮನಾಗುವುದು ವಾಡಿಕೆ. ಒಬ್ಬರೇ ಕೂತು ಬಿಡಿಸುವವರಿಗೆ ಅಷ್ಟು ಸಾಕಾಗಬಹುದು. ನಾಲ್ಕು ಗೆಳೆಯರು ಸೇರಿ ಬಿಡಿಸುವಲ್ಲಿ ಅದು ಏನೇನೂ ಸಾಲದು. ಅಲ್ಲಿ ವಾದ ಹುಟ್ಟುವುದೇ ‘ಆ ಉತ್ತರ ಹೇಗೆ ಬಂತು’ ಎಂಬಲ್ಲಿ.

ಒಂದು ಮಾದರಿ ನೋಡಿ: ‘ಮಿಥಿಲೆಯ ದೊರೆ ಹಿಂದಿರುಗಿದಾಗ ಕಂಡ ಧಾನ್ಯದ ಸಂಗ್ರಹ (3)’. ಕೊನೆಯ ಅಂಕಿ ಉತ್ತರದ ಅಕ್ಷರ ಸಂಖ್ಯೆ. ಇಂಥ ಸುಳಿವಿನಲ್ಲಿ ನೇರ ಅರ್ಥ ಯಾವುದಾದರೂ ಒಂದು ತುದಿಯಲ್ಲಿರುತ್ತದೆ, ಉಳಿದದ್ದು ಅಕ್ಷರಗಳ ಕಸರತ್ತು. ಇಲ್ಲಿ ನೇರ ಅರ್ಥ ‘ಧಾನ್ಯದ ಸಂಗ್ರಹ’. ಮಿಥಿಲೆಯ ದೊರೆ ಜನಕ, ಹಿಂದುಮುಂದಾದರೆ ಕನಜ. ಆದ್ದರಿಂದ ಮೊದಲ ಕೆಲಸ ಕತೆಗೆ ಮರುಳಾಗದೆ ಸುಳಿವನ್ನು ಎರಡಾಗಿ ಸೀಳುವುದು. ಎಲ್ಲಿ ಸೀಳಬೇಕೆಂದು ಹೇಳುವುದು ಸೂಚಕ ಪದ. ಮರಳು, ತಿರುಗು, ಹಿಂದಿರುಗು ಎಂದಿದ್ದರೆ ಅಕ್ಷರಗಳನ್ನು ಹಿಂದಿನಿಂದ ಓದಬೇಕು. ಕಲಕು, ಚೆದುರು, ಗಲಿಬಿಲಿ ಎಂದಿದ್ದರೆ ಅದಲುಬದಲು: ‘ಮನ್ಮಥ ಕಲಕಿದಾಗ ನಿಗ್ರಹ’ ಎಂದರೆ ಮದನ ಹೋಗಿ ದಮನ. ಒಳಗೆ, ಒಡಲು, ನಡುವೆ ಎಂದಿದ್ದರೆ ಸುಳಿವಿನ ಪದಗಳಲ್ಲೇ ಉತ್ತರ ಅಡಗಿರಬಹುದು: ‘ಬಾಗಿಲ ಕದ ನಮಗೆ ತೆರೆದರೆ ಒಳಗೆ ಯುದ್ಧ’. ‘ಕದ ನಮಗೆ’ ಎಂಬುದನ್ನು ಜಾಗ ಬಿಡದೆ ಓದಿ, ಕದನ ಸಿಗುತ್ತದೆ. ಸೂಚಕವೇ ಇಲ್ಲದ ಗಿಡ್ಡ ಸುಳಿವಿದ್ದರೆ ಶ್ಲೇಷೆಯನ್ನು, ಅಂದರೆ ಒಂದೇ ಪದದ ಎರಡು ಅರ್ಥವನ್ನು, ಶಂಕಿಸಿ. ‘ಹುಡುಕು, ದೊರೆ ಸಿಗುತ್ತಾನೆ (3)’ ಎಂದರೆ ಅರಸು.

ನಮ್ಮ ಲಿಪಿಯಲ್ಲಿ ಎಡವುವುದು ಎಣಿಕೆಯಲ್ಲಿ. ಒಂದು ಚೌಕಕ್ಕೆ ಒಂದು ಪೂರ್ಣಾಕ್ಷರ: ಗುಣಿತ, ಒತ್ತು, ಅನುಸ್ವಾರ ಎಲ್ಲವೂ ಅದರೊಳಗೇ. ಪುಸ್ತಕ ಮೂರು (ಪು-ಸ್ತ-ಕ), ಸಂಸಾರ ಮೂರು, ಹತ್ತು ಎಂಬುದು ಎರಡೇ. ಧರ್ಮದ ಅರ್ಕಾವತ್ತು ಉಚ್ಚಾರದಲ್ಲಿ ‘ಧ’ದ ಬೆನ್ನಿಗೆ ಬಂದರೂ ಚೌಕದಲ್ಲಿ ‘ಮ’ದ ಜೊತೆಗೇ ಕೂರುತ್ತದೆ. ಹಿಂದುಮುಂದು ಮಾಡುವಾಗಲೂ ಗುಣಿತ ತನ್ನ ಅಕ್ಷರವನ್ನು ಬಿಟ್ಟು ಹೋಗುವುದಿಲ್ಲ. ಕಪಿ ತಿರುಗಿದರೆ ಪಿಕ, ನದಿ ತಿರುಗಿದರೆ ದಿನ. ರಾಮ ತಿರುಗಿದರೆ ಮಾತ್ರ ‘ಮರಾ’, ‘ಮರ’ ಆಗದು. ಆ ಒಂದು ದೀರ್ಘವನ್ನು ನುಂಗಿಬಿಡುವ ಒಗಟುಗಾರರು ಬಹಳ ಮಂದಿ. ಅದು ಸಲಿಗೆ ಎನ್ನುವವರಿದ್ದಾರೆ, ನಮ್ಮ ಪ್ರಕಾರ ಅದು ತಪ್ಪೇ. ಲ-ಳ, ನ-ಣ, ಅಲ್ಪಪ್ರಾಣ-ಮಹಾಪ್ರಾಣಗಳಿಗೂ ಇದೇ ಮಾತು. ‘ಬಸ್’ನಂಥ ವ್ಯಂಜನಾಂತ ಪದಗಳದ್ದು ಬೇರೆಯೇ ತಕರಾರು. ಸ್-ಗೆ ಒಂದು ಚೌಕವೋ, ಅಥವಾ ಬಸ್ಸು ಎಂದೇ ಬರೆಯಬೇಕೋ? ಯಾವುದಾದರೂ ಸರಿ, ಪತ್ರಿಕೆ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಲಿ.

ಗುಂಪಿಗೆ ಮೂರರಿಂದ ಐದು ಜನ ಹದ. ಹೆಚ್ಚಾದರೆ ಇಬ್ಬರು ಬಿಡಿಸುತ್ತಾರೆ, ಉಳಿದವರು ಪ್ರೇಕ್ಷಕರು. ಪ್ರತಿ ಸುಳಿವಿಗೆ ಮೊದಲ ಒಂದು ನಿಮಿಷ ಯಾರೂ ಬಾಯಿ ಬಿಡಬಾರದು. ಯಾರಾದರೂ ಒಂದು ಪದ ಎಸೆದರೆ ಮಿಕ್ಕವರ ತಲೆಯೆಲ್ಲ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ, ಅದು ತಪ್ಪು ಪದವಾದರಂತೂ ಹತ್ತು ನಿಮಿಷ ನೀರುಪಾಲು. ಸುಳಿವು ಎಲ್ಲರ ಕಣ್ಣಿಗೂ ಕಾಣುವಂತಿರಲಿ, ಒಬ್ಬರು ಅದನ್ನು ಗಟ್ಟಿಯಾಗಿಯೂ ಓದಲಿ. ಅಡಗಿದ ಪದ ಮತ್ತು ತಿರುಗುಮುರುಗು ಕಣ್ಣಿಗೆ ಬೇಗ ಸಿಗುತ್ತವೆ. ‘ತಲೆಮಾರು’ ಎಂಬುದರಲ್ಲಿ ತಲೆಯನ್ನು ಮಾರುವ ವ್ಯಾಪಾರವಿದೆ ಎಂಬುದು ಹೊಳೆಯುವುದು ಕಿವಿಗೆ. ಉತ್ತರ ಹೇಳುವವರು ದಾರಿಯನ್ನೂ ಹೇಳಬೇಕು. ‘ಹೊಂದುತ್ತೆ ಬಿಡಿ’ ಎಂಬ ಉತ್ತರವನ್ನು ಪೆನ್ಸಿಲಿನಲ್ಲಿ ತೆಳುವಾಗಿ ಬರೆದಿಡಿ, ಅಡ್ಡ-ಉದ್ದ ಎರಡೂ ಕೂಡಿದ ಮೇಲೆ ಪೆನ್ನು. ನಿಘಂಟು ತೆರೆಯುವುದು ಊಹೆಯನ್ನು ತಾಳೆ ನೋಡಲು ಮಾತ್ರ. ಮೊಬೈಲಿನಲ್ಲಿ ಹುಡುಕಿ ಉತ್ತರ ತರುವವರಿಗೆ ಚಹಾ ಮಾಡುವ ಕೆಲಸ ಒಪ್ಪಿಸಬಹುದು.

ಗುಂಪು ದೂರದೂರದಲ್ಲಿದ್ದು ವಾಟ್ಸ್ಆ್ಯಪ್‌ನಲ್ಲಿ ಆಡುವುದಾದರೆ ಉತ್ತರ ಹಾಕಲು ಒಂದು ಹೊತ್ತು ಗೊತ್ತುಮಾಡಿ. ಅದಕ್ಕೂ ಮೊದಲು ಸಹಾಯ ಕೇಳಿದವರಿಗೆ ಮೆಟ್ಟಿಲುಮೆಟ್ಟಿಲಾಗಿ ಕೊಡಿ: ಮೊದಲು ಇದು ಯಾವ ಬಗೆಯ ಸುಳಿವು ಎಂಬುದು, ಆಮೇಲೆ ನೇರ ಅರ್ಥ ಎಡ ತುದಿಯಲ್ಲೋ ಬಲ ತುದಿಯಲ್ಲೋ ಎಂಬುದು, ಕೊನೆಗೆ ಒಂದು ಅಕ್ಷರ.

ಬಿಡಿಸುವ ಗುಂಪು ಕೆಲವೇ ದಿನಗಳಲ್ಲಿ ಕಟ್ಟಲೂ ತೊಡಗುತ್ತದೆ. ಅಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಬಾಗಿಲು ತೆರೆದಿಡುವುದು. ‘ಮೂರಕ್ಷರದ ಪದ, ತಲೆ ಕಡಿದರೆ ಮರ’ ಎಂದಷ್ಟೇ ಹೇಳಿದರೆ ಅಮರ, ಸಮರ, ಚಾಮರ, ಭ್ರಮರ ನಾಲ್ಕೂ ಸರಿ. ‘ನಡು ಕಿತ್ತರೆ ಸರ, ಬಾಲ ಕತ್ತರಿಸಿದರೆ ಸಮ, ಇಡಿಯಾಗಿದ್ದರೆ ಯುದ್ಧ’ ಎಂದು ಮುಂದುವರಿಸಿದಾಗ ಸಮರವೊಂದೇ ಉಳಿಯುತ್ತದೆ. ಕಟ್ಟಿದ ಒಗಟನ್ನು ಅದರ ಉತ್ತರ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ನೋಡದೆ ಹೊರಗೆ ಬಿಡಬಾರದು. ಸಂಧಿಯೂ ಕೈಕೊಡುತ್ತದೆ. ಎರಡು ಪದಗಳ ನಡುವೆ ಅಡಗಿಸಿದ್ದು, ಅಚ್ಚಿಗೆ ಹೋಗುವಾಗ ಯಾರೋ ಅವನ್ನು ಸಂಧಿ ಮಾಡಿ ಜೋಡಿಸಿಬಿಟ್ಟರೆ ಮಾಯವಾಗುತ್ತದೆ. ಕರಡು ತಿದ್ದುವವರಿಗೆ ಒಗಟಿನ ಪಠ್ಯವನ್ನು ಮುಟ್ಟಬಾರದೆಂದು ತಿಳಿಸಿಡುವುದು ಒಳ್ಳೆಯದು.

ಈ ಆಟ ಗುಂಪಿನದು ಎಂಬುದು ನಮ್ಮ ಕಲ್ಪನೆಯೇನಲ್ಲ. ಸಂಸ್ಕೃತದ ಅಲಂಕಾರಶಾಸ್ತ್ರಕಾರ ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು (ಒಗಟುಗಳನ್ನು) ಹೇಳುತ್ತಾ, ಅವುಗಳ ಉಪಯೋಗಗಳ ಸಾಲಿನಲ್ಲಿ ಮೊದಲಿಗೆ ಇಟ್ಟಿರುವುದು ಗೋಷ್ಠಿಯ ವಿನೋದವನ್ನೇ.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಪ್ರತಿ ಸುಳಿವಿನ ಮುಂದೆ ಅಕ್ಷರ ಸಂಖ್ಯೆ ಹಾಕಿ. ಎರಡು ಪದಗಳ ಉತ್ತರವಾದರೆ (2, 3) ಎಂದು ಬಿಡಿಸಿ ಕೊಡಿ. ಚೌಕಗಳನ್ನು ತುಸು ದೊಡ್ಡದು ಮಾಡಿ. ಸಂಖ್ಯೆ ಎಡಮೇಲಿನ ಮೂಲೆಯಲ್ಲೇ ಇರಲಿ, ಒತ್ತಿಗೆ ಕೆಳಗೆ ಬಲಗಡೆ ಜಾಗ ಬೇಕು. ಉತ್ತರವನ್ನು ಅದೇ ಪುಟದಲ್ಲಿ ತಲೆಕೆಳಗಾಗಿ ಅಚ್ಚು ಹಾಕಬೇಡಿ, ಎದುರು ಕೂತವರಿಗೆ ಅದು ನೆಟ್ಟಗೇ ಕಾಣುತ್ತದೆ. ಮರುದಿನದ ಉತ್ತರ ‘ಕನಜ: ಜನಕ ತಿರುಗಿದ್ದು’ ಎಂಬಷ್ಟು ಚಿಕ್ಕ ವಿವರಣೆಯೊಂದಿಗೆ ಬರಲಿ. ಇಡೀ ಪದಬಂಧಕ್ಕೆ ಜಾಗವಿಲ್ಲದಿದ್ದರೆ ಅತಿ ಕಷ್ಟದ ಐದಾರು ಸುಳಿವುಗಳಿಗಾದರೂ ಕೊಡಿ.

ಇಂತಿ,
ಕೂಡಿ ಒಗಟು ಬಿಡಿಸುವ ಕೆಲವು ಓದುಗರು