ಅಜ್ಜಿ ತಾತನ ಹತ್ತಿರ ಕೂರಲು ಮಕ್ಕಳಿಗೆ ಒಂದು ಸಂಜೆ ಬಿಡುವು ಕೊಡಿ

ಏಳನೇ ತರಗತಿಯ ಮಕ್ಕಳ ಪೋಷಕರಿಗೆ ನಮಸ್ಕಾರ.

ಎರಡು ವಾರದಿಂದ ಮಕ್ಕಳು ಮನೆಯಲ್ಲಿ ತುವಾಲು, ತುವಾಲು ಎನ್ನುತ್ತಿರಬಹುದು. "ಎಲ್ಲೋ ಇರೋ ದ್ವೀಪದ ಪಾಠ ಯಾಕೆ ಮೇಡಂ, ಪರೀಕ್ಷೆಗೆ ಬರುತ್ತಾ?" ಎಂದು ಪೋಷಕರೊಬ್ಬರು ಕೇಳಿದರು. ಪರೀಕ್ಷೆಗೆ ಬರುವುದಿಲ್ಲ. ಆದರೂ ಯಾಕೆ ಕಲಿಸುತ್ತಿದ್ದೇವೆ ಅಂತ ನಿಮಗೆಲ್ಲ ಹೇಳಬೇಕು ಅನ್ನಿಸಿತು.

ತುವಾಲು ಪೆಸಿಫಿಕ್ ಸಾಗರದ ಪುಟ್ಟ ದೇಶ. ಒಂಬತ್ತು ದ್ವೀಪ, ಸುಮಾರು 11,000 ಜನ. ನದಿಯೇ ಇಲ್ಲ. ಬಿದ್ದ ಮಳೆ ಮರಳಿಗೆ ಇಳಿದು, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಅಲ್ಲಿನ ಹಿರಿಯರು ಆ ಸಿಹಿನೀರು ಸಿಗುವಷ್ಟೇ ಆಳಕ್ಕೆ ಗುಂಡಿ ತೋಡಿ, ಎಲೆಗೊಬ್ಬರ ಹಾಕಿ, ಪುಲಾಕ ಎಂಬ ಗಡ್ಡೆ ಬೆಳೆದರು. ಅದೂ ನಮ್ಮ ಕೆಸುವಿನ ಬಳಗದ್ದೇ. ಆದರೆ ಗಿಡ ಆಳೆತ್ತರ ಬೆಳೆಯುತ್ತದೆ.

ಇದನ್ನು ಮಕ್ಕಳು ಗಾಜಿನ ತೊಟ್ಟಿಯಲ್ಲಿ ಮಾಡಿ ನೋಡಿದರು. ಮರಳು ತುಂಬಿ, ಕೆಂಪು ಬಣ್ಣ ಕಲಸಿದ ಉಪ್ಪುನೀರು ಹಾಕಿ, ಮೇಲಿಂದ ಚಮಚದಲ್ಲಿ ನಿಧಾನವಾಗಿ ಸಿಹಿನೀರು ಬಿಟ್ಟರು. ತಿಳಿನೀರು ಮೇಲೆಯೇ ನಿಂತಿತು. ಆಮೇಲೆ ಒಬ್ಬ ಹುಡುಗ ಸಿರಿಂಜಿನಿಂದ ಜೋರಾಗಿ ಎಳೆದ. ಸಿರಿಂಜಿಗೆ ಕೆಂಪುನೀರು ಬಂತು. ತರಗತಿಯೆಲ್ಲ ಒಂದು ಕ್ಷಣ ಸುಮ್ಮನಾಯಿತು. "ಮಿಸ್, ನಾವು ಬೋರ್‌ವೆಲ್‌ನಲ್ಲಿ ಎಳೆದ ಹಾಗೇ ಅಲ್ವಾ?" ಎಂದಳು ಒಬ್ಬಳು. ನಮ್ಮಲ್ಲಿ ಉಪ್ಪು ಬರುವುದಿಲ್ಲ, ಬರೀ ಗಾಳಿ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿನ ಟ್ಯಾಂಕರ್‌ಗೆ ಕಾದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಭೂಮಿ ಬಿಸಿಯಾಗಿ ಸಮುದ್ರ ಏರುತ್ತಿದೆ. ಪುಲಾಕ ಗುಂಡಿಗಳಿಗೆ ಉಪ್ಪು ನುಗ್ಗುತ್ತಿದೆ. ಗಾಳಿಗೆ ಹೊಗೆ ಬಿಟ್ಟವರು ಅವರಲ್ಲ, ಅನುಭವಿಸುತ್ತಿರುವವರು ಅವರು. ಹಳೆಯ ತಿಳಿವಳಿಕೆಯೊಂದರಿಂದಲೇ ಇದು ಬಗೆಹರಿಯುತ್ತದೆ ಅಂತ ಮಕ್ಕಳಿಗೆ ಸುಳ್ಳು ಹೇಳಿಲ್ಲ. ಆದರೆ ಆ ತಿಳಿವಳಿಕೆ ಇದ್ದವರಿಗೆ ಏನು ಕೆಟ್ಟಿದೆ ಅಂತ ಮೊದಲು ಗೊತ್ತಾಗುತ್ತದೆ.

ಇಂಡೋನೇಷ್ಯಾದ ಸಿಮೆಲುಯೆ ದ್ವೀಪದ ವಿಷಯವನ್ನೂ ಹೇಳಿದೆವು. 1907ರಲ್ಲಿ ಅಲ್ಲಿ ಸುನಾಮಿ ಬಂದು ತುಂಬಾ ಜನ ಸತ್ತರು. ಉಳಿದವರು ಅದನ್ನು ಕಥೆ ಕಟ್ಟಿ, ಹಾಡು ಕಟ್ಟಿ ಮಕ್ಕಳಿಗೆ ಹೇಳಿದರು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಿ. 2004ರ ಸುನಾಮಿಯಲ್ಲಿ ಅಲ್ಲಿನ ಸುಮಾರು 78,000 ಜನರಲ್ಲಿ ಸತ್ತವರು ಏಳೇ ಮಂದಿ. ನನಗೆ ಈ ಲೆಕ್ಕ ಹೇಳುವಾಗ ಗಂಟಲು ಕಟ್ಟುತ್ತದೆ.

ಬೆಂಗಳೂರಿಗೂ ದೊಡ್ಡ ನದಿ ಇಲ್ಲ. ನಮ್ಮ ಹಿರಿಯರೂ ಮಳೆಯನ್ನೇ ನಂಬಿ ಕೆರೆ ಕಟ್ಟಿದರು. ಒಂದು ಕೆರೆ ತುಂಬಿ, ಹೆಚ್ಚಾದ ನೀರು ಕೋಡಿಯಿಂದ ಹೊರಗೆ ಹರಿದರೆ ಇನ್ನೊಂದು ತುಂಬುತ್ತಿತ್ತು. ಕೆರೆಯ ತೂಬು ಎತ್ತಿ ಹೊಲಗದ್ದೆಗೆ ನೀರು ಬಿಡಲು ನೀರುಗಂಟಿ ಇದ್ದ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಲೆಕ್ಕವಿತ್ತು. ತರಗತಿಯಲ್ಲಿ ಕೋಡಿ ಅಂದರೇನು ಅಂತ ಕೇಳಿದೆ. ನಲವತ್ತು ಮಕ್ಕಳಲ್ಲಿ ಇಬ್ಬರು ಕೈ ಎತ್ತಿದರು.

ಹಾಗಾಗಿ ನಿಮ್ಮಲ್ಲಿ ಒಂದು ಬೇಡಿಕೆ. ಈ ತಿಂಗಳ ಕೊನೆಯ ಶನಿವಾರದೊಳಗೆ ಒಂದು ಸಂಜೆ ಟಿವಿ, ಟ್ಯೂಷನ್ ಬಿಟ್ಟು ಮಗುವನ್ನು ಹಿರಿಯರೊಬ್ಬರ ಹತ್ತಿರ ಕೂರಿಸಿ. ಅವರ ಊರಲ್ಲಿ ನೀರು ಎಲ್ಲಿಂದ ಬರುತ್ತಿತ್ತು, ಬರಗಾಲದಲ್ಲಿ ಏನು ತಿಂದರು, ಮಳೆ ಬರುವುದನ್ನು ಹೇಗೆ ಗುರುತಿಸುತ್ತಿದ್ದರು ಎಂದು ಮಗುವೇ ಕೇಳಲಿ, ಮಗುವೇ ಬರೆಯಲಿ. ಅಜ್ಜಿ ತಾತ ಊರಲ್ಲಿದ್ದರೆ ಫೋನ್ ಸಾಕು. ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ರಾಯಚೂರಿನ ಕಡೆಯವರಾದರೆ ಅವರನ್ನೂ ಕೇಳಬಹುದು. ತಮಿಳು, ತೆಲುಗು, ಉರ್ದು, ಯಾವ ಭಾಷೆಯಾದರೂ ಸರಿ.

ದಯವಿಟ್ಟು ಇಂಟರ್ನೆಟ್‌ನಿಂದ ಪ್ರಿಂಟ್ ತೆಗೆದು ಕಳಿಸಬೇಡಿ. ಅಂಕ ಇಲ್ಲ. ಅರ್ಧ ಪುಟ ಬರೆದರೂ ಸಾಕು. ಮನೆಯಲ್ಲಿ ಬಾವಿ ಹಗ್ಗ, ಗಡಗಡೆ, ಹಳೇ ತಾಮ್ರದ ಬಿಂದಿಗೆ ಇದ್ದರೆ ಹೆಸರು ಬರೆದು ಕಳಿಸಿ. ಅಂದೇ ಸಂಜೆ ಜೋಪಾನವಾಗಿ ವಾಪಸ್ ಕಳಿಸುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ